ಭಾರಿ ವಾಹನಗಳಿಗೆ ಪ್ರವೇಶವಿಲ್ಲ

ಶವ ಸಾಗಿಸುವ ವ್ಯಾನಿನ ಹಿಂಬಾಗಿಲು ಎರಡನೇ ಸಲ ಎಳೆದರೂ ಕೂಡಿಕೊಳ್ಳಲಿಲ್ಲ. ಡ್ರೈವರ್ ಮತ್ತೆ ಎಳೆದು ದಬ್ಬನೆ ಬಡಿದ.

“ಮೆಲ್ಲಗೆ,” ಎಂದರು ಪ್ರಯೋಗಾಲಯದ ತಕ್ಕಡಿ ಮೇಷ್ಟ್ರು, ತಮಗೇ ಗೊತ್ತಿಲ್ಲದೆ.

ಜೊತೆಗಿದ್ದ ಪ್ರಯೋಗಾಲಯದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದು ಒಳಗೆ ಮಲಗಿದ್ದವರ ಮಾತು. ದೇಶದ ಅಳತೆ, ತೂಕಗಳ ಮೂಲಮಾದರಿಗಳನ್ನು ಕಾಯುವ ಪ್ರಯೋಗಾಲಯಕ್ಕೆ ಅವರು ಆಡಳಿತಾಧಿಕಾರಿಯಾಗಿದ್ದರು. ಯಾರು ಕುರ್ಚಿ ಎಳೆದರೂ, ಮೆಟ್ಟಿಲ ಮೇಲೆ ಯಾರು ಓಡಿದರೂ “ಮೆಲ್ಲಗೆ” ಅನ್ನುತ್ತಿದ್ದರು. ಬೆನ್ನ ಹಿಂದೆ ಎಲ್ಲರಿಗೂ ಅವರು ಮೆಲ್ಲಗಪ್ಪ. ಅದು ಅವರಿಗೂ ಗೊತ್ತಿತ್ತು.

ಅವರ ಹೆಂಡತಿಯ ಕಣ್ಣಲ್ಲಿ ನೀರಿರಲಿಲ್ಲ. ಬಹಳ ಹೊತ್ತು ಮಡಚಿಕೊಂಡು ಕೂತರೆ ಕಾಲಿಗೆ ಜೋಮು ಹಿಡಿಯುವ ಹಾಗೆ ಬೆಳಗಿನಿಂದ ಆಕೆಯ ಎದೆಗೆ ಹಿಡಿದಿತ್ತು. ಬಂದವರು ಕೈ ಹಿಡಿದರೆ ಹಿಡಿಸಿಕೊಂಡಳು, ನೀರು ಕೊಟ್ಟರೆ ಕುಡಿದಳು. ಗೇಟಿನ ಕಡೆಯಿಂದ ಮಾತ್ರ ಕಣ್ಣು ತೆಗೆಯಲಿಲ್ಲ. ಮೈದುನ ಬಂದಿರಲಿಲ್ಲ.

“ಚಿಕ್ಕಪ್ಪ ಬರಲ್ಲಮ್ಮ,” ಎಂದಳು ಮಗಳು. “ಹೇಳಿ ಕಳಿಸಿದ್ದಾಯ್ತು. ಇನ್ನೆಷ್ಟು ಹೊತ್ತು ಕಾಯೋದು?”

“ಕಾಯೋದು ಬೇಡ. ಪ್ರಯೋಗಾಲಯದ ರಸ್ತೇಲೇ ಹೋಗೋಣ. ಅವನಿರೋ ಅಂಗಡಿ ಮುಂದೆ ನಿಲ್ಲಿಸ್ಲಿ. ಅವನಿಗೊಂದು ಮಾತು ಹೇಳ್ಬೇಕು. ನಿಮ್ಮಪ್ಪ ಇನ್ನೂ ಕಣ್ಣೆದುರಿಗೆ ಇರುವಾಗ್ಲೇ ಹೇಳ್ಬೇಕು.”

“ಆ ರಸ್ತೆಗೆ ದೊಡ್ಡ ಗಾಡಿ ಬಿಡಲ್ಲಮ್ಮ,” ಎಂದ ಡ್ರೈವರ್. “ಊರೆಲ್ಲಾ ಸುತ್ತಿಕೊಂಡೇ ಹೋಗ್ಬೇಕು. ಯಾವ ಪುಣ್ಯಾತ್ಮ ಮಾಡಿದ ರೂಲೋ.”

ಪುಣ್ಯಾತ್ಮರು ವ್ಯಾನಿನೊಳಗಿದ್ದರು.

* * *

ಮೊದಲೆಲ್ಲ ಬಸ್ಸುಗಳು ಆ ರಸ್ತೆಯಲ್ಲೇ ಓಡುತ್ತಿದ್ದವು. ಒಂದು ಬದಿಗೆ ಪ್ರಯೋಗಾಲಯ, ಎದುರಿಗೆ ಮೆಲ್ಲಗಪ್ಪನವರ ತಮ್ಮನ ಬೇಕರಿ. ಬಸ್ಸು ಬಂದಾಗಲೆಲ್ಲ ಬೇಕರಿಯ ಗಾಜಿನ ಜಾಡಿಗಳು ಗಲಗಲ ಅನ್ನುತ್ತಿದ್ದವು. “ಗಿರಾಕಿ ಬಂತು,” ಎಂದು ತಮ್ಮ ನಗುತ್ತಿದ್ದ.

ಅದೇ ಬಸ್ಸಿಗೆ ಎದುರು ಕಟ್ಟಡದಲ್ಲಿ ತಕ್ಕಡಿಯ ಮುಳ್ಳು ನಡುಗುತ್ತಿತ್ತು. ಅದು ದೇಶದ ಕಿಲೋಗ್ರಾಂ ತೂಗುವ ತಕ್ಕಡಿ. ಯಾರಾದರೂ ಹತ್ತಿರ ನಿಂತು ಉಸಿರಾಡಿದರೂ ಮುನಿಸಿಕೊಳ್ಳುತ್ತಿತ್ತು. ಅದನ್ನು ನೋಡಿಕೊಳ್ಳುತ್ತಿದ್ದ ತಕ್ಕಡಿ ಮೇಷ್ಟ್ರು ತಲೆಯ ಮೇಲೆ ಕೈ ಹೊತ್ತು ಕೂತರು. ಮೆಲ್ಲಗಪ್ಪ ಚಪ್ಪಲಿ ಸವೆಯುವಷ್ಟು ಅಲೆದು ವಾಣಿಜ್ಯ ಇಲಾಖೆಯಿಂದ ಆದೇಶ ತಂದರು. ರಸ್ತೆಗೆ ಅಡ್ಡಗಂಬ ಬಿತ್ತು. ಬಸ್ಸುಗಳು ಊರು ಸುತ್ತತೊಡಗಿದವು. ಮುಳ್ಳಿನ ನಡುಕ ನಿಂತಿತು, ಬೇಕರಿಯೂ ನಿಂತಿತು.

“ಒಂದು ತೂಕದ ಕಲ್ಲಿಗೋಸ್ಕರ ತಮ್ಮನ ಹೊಟ್ಟೆ ಮೇಲೆ ಹೊಡೆದ್ಯಲ್ಲಣ್ಣ.”

ಅದೇ ಕಡೆಯ ಮಾತು. ಆಮೇಲೆ ತಮ್ಮ ಆ ಮನೆಯ ಹೊಸ್ತಿಲು ತುಳಿಯಲಿಲ್ಲ.

ಬಹಳ ವರ್ಷಗಳ ಮೇಲೆ ತಕ್ಕಡಿ ಊರಾಚೆಯ ಹೊಸ ಕಟ್ಟಡದ ನೆಲಮಾಳಿಗೆಗೆ ಹೋಯಿತು. ಮೆಲ್ಲಗಪ್ಪ ಮಾರನೆಯ ದಿನವೇ ಅಡ್ಡಗಂಬ ತೆಗೆಸಲು ಬರೆದರು. ಆದರೆ ಅಷ್ಟರಲ್ಲಿ ಪ್ರಯೋಗಾಲಯ ವಾಣಿಜ್ಯ ಇಲಾಖೆಯಿಂದ ಕೈಗಾರಿಕೆಗೆ, ಅಲ್ಲಿಂದ ವಿಜ್ಞಾನ ಇಲಾಖೆಗೆ ದಾಟಿತ್ತು. ಆದೇಶ ಕೊಟ್ಟವರೇ ಹಿಂದಕ್ಕೆ ಪಡೆಯಲಿ ಎಂದಿತು ವಿಜ್ಞಾನ. ಪ್ರಯೋಗಾಲಯವೇ ನಮ್ಮದಲ್ಲ, ಆದೇಶ ಕಟ್ಟಿಕೊಂಡು ಏನು ಮಾಡೋಣ ಎಂದಿತು ವಾಣಿಜ್ಯ. ಕೈಗಾರಿಕೆಯವರು ಉತ್ತರವನ್ನೇ ಬರೆಯಲಿಲ್ಲ. ಮೆಲ್ಲಗಪ್ಪ ನಿವೃತ್ತರಾದ ಮೇಲೂ ಅಲೆದರು.

“ತಮ್ಮನಿಗಾದ್ರೂ ಹೇಳ್ರೀ,” ಎನ್ನುತ್ತಿದ್ದಳು ಹೆಂಡತಿ.

“ಕಂಬ ತೆಗೆಸಿ ಹೇಳ್ತೀನಿ ಕಣೇ. ಯಾವ ಮುಖ ಇಟ್ಕೊಂಡು ಬರಿಗೈಲಿ ಹೋಗ್ಲಿ?”

* * *

ವ್ಯಾನು ಅಡ್ಡಗಂಬದ ಮುಂದೆ ನಿಂತಿತು.

“ಆರ್ಡರ್ ಇದೆ ಸಾರ್,” ಎಂದ ಕಾವಲಿನವನು. “ಒಳಗೆ ತಕ್ಕಡಿ ಅಲ್ಲಾಡುತ್ತೆ.”

“ಯಾವ ತಕ್ಕಡಿನಪ್ಪಾ?” ತಕ್ಕಡಿ ಮೇಷ್ಟ್ರು ಇಳಿದು ಬಂದರು. “ನಾನೇ ಅಲ್ವಾ ಅದನ್ನ ಸಾಗಿಸಿದ್ದು? ಆ ರೂಮಲ್ಲಿ ಈಗ ಮುರಿದ ಕುರ್ಚಿ ತುಂಬಿದ್ದಾರೆ.”

“ಇರಬಹುದು ಸಾರ್. ಆರ್ಡರ್ ಇದೆಯಲ್ಲ.”

ಅವರು ವಾದ ಮಾಡುತ್ತಿರುವಾಗಲೇ ಮೆಲ್ಲಗಪ್ಪನವರ ಹೆಂಡತಿ ಇಳಿದು, ಕಂಬದ ಕೆಳಗೆ ತಲೆ ಬಗ್ಗಿಸಿ ಆಚೆ ದಾಟಿದಳು. ಬೇಕರಿಯ ಶಟರು ಅರ್ಧ ಎದ್ದಿತ್ತು. ಅದರ ಮುಂದೆ ಮೈದುನ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಬೆಳಗ್ಗೆಯೇ ಹೊರಟವನು, ಹೊರಡಲಾರದೆ ಅಲ್ಲೇ ಉಳಿದಿದ್ದ.

“ಅತ್ತಿಗೆ, ನೀವ್ಯಾಕೆ ಇಳಿದು ಬಂದ್ರಿ...”

“ಆ ತಕ್ಕಡಿ ಇಲ್ಲಿಲ್ಲಪ್ಪ. ಹೋಗಿ ಎಷ್ಟೋ ಕಾಲ ಆಯ್ತು. ಈ ಕಂಬ ತೆಗೆಸೋಕೆ ನಿಮ್ಮಣ್ಣ ಕೈಲಾಗೋವರೆಗೂ ಅಲೆದ್ರು. ಆಗ್ಲಿಲ್ಲ. ನಾಚಿಕೆಗೆ ನಿನ್ನ ಹತ್ರ ಹೇಳ್ಲಿಲ್ಲ.”

ಅವನು ಎದುರಿನ ಕಟ್ಟಡದ ಮುಚ್ಚಿದ ಕಿಟಕಿಗಳನ್ನು ನೋಡಿದ.

“ಹಾಗಾದ್ರೆ ಈ ಕಂಬ ಇಷ್ಟು ದಿನ ಸುಮ್ಮನೇನಾ ಅತ್ತಿಗೆ?”

“ಸುಮ್ಮನೆ.”

ಬೈದರೆ ಬೈಸಿಕೊಳ್ಳೋಣವೆಂದು ಆಕೆ ನಿಂತಳು. ಅವನು ಬೈಯಲಿಲ್ಲ. ರಸ್ತೆಗಿಳಿದು ಹೋಗಿ, ಅಡ್ಡಗಂಬದ ತುದಿಗೆ ಕಟ್ಟಿದ್ದ ಕಬ್ಬಿಣದ ಗುಂಡಿನ ಮೇಲೆ ಎರಡೂ ಕೈ ಊರಿ ಮೈಭಾರ ಬಿಟ್ಟ. ಕಾವಲಿನವನು “ಸಾರ್, ಸಾರ್” ಎಂದನೇ ಹೊರತು ತಡೆಯಲಿಲ್ಲ. ಕಂಬ ಕಿರುಗುಟ್ಟುತ್ತಾ ಮೇಲೆದ್ದಿತು.

ವ್ಯಾನು ದಾಟಿ ಬಂದು ಬೇಕರಿಯ ಮುಂದೆ ನಿಂತಿತು. ಡ್ರೈವರ್ ಕೀಲಿಗೆ ಕೈ ಹಾಕಿದ.

“ಇಂಜಿನ್ ಆರಿಸ್ಬೇಡಪ್ಪ,” ಎಂದ ತಮ್ಮ.

ಅವನು ಹಿಂಬಾಗಿಲು ತೆಗೆದು ಹತ್ತಿ ಅಣ್ಣನ ಪಕ್ಕದಲ್ಲಿ ಕೂತ. ಹತ್ತಲು ಅತ್ತಿಗೆಯೂ ಕಂಬಿ ಹಿಡಿದಳು. ಜೋಮು ಬಿಡುವಾಗ ಚುಚ್ಚುವ ಹಾಗೆ ಎದೆಯೊಳಗೆ ಸಣ್ಣಗೆ ಚುಚ್ಚತೊಡಗಿತು. ಅರ್ಧ ಎದ್ದ ಶಟರಿನ ಹಿಂದೆ, ಧೂಳು ಹಿಡಿದ ಹಲಗೆಗಳ ಮೇಲೆ, ಖಾಲಿ ಜಾಡಿಗಳು ಗಲಗಲ ಅನ್ನುತ್ತಿದ್ದವು.