ಗಾಳಿ ನಿಂತ ವಾರ ಬಿದ್ದ ಪೆಟ್ಟಿಗೆ

ನಾನು ಹವಾಮಾನದ ಬಲೂನಿಗೆ ಕಟ್ಟುವ ಪೆಟ್ಟಿಗೆ. ಮೈ ಥರ್ಮೋಕೋಲಿನದು. ಹೊಟ್ಟೆಯಲ್ಲಿ ಒಂದು ಬ್ಯಾಟರಿ, ಒಂದು ಹಸಿರು ಸರ್ಕ್ಯೂಟು. ತಲೆಯ ಮೇಲೆ ಕೂದಲೆಳೆಯಷ್ಟು ತೆಳುವಾದ ತಂತಿ; ಬಿಸಿ, ತಂಪು ಎಲ್ಲ ಅದಕ್ಕೆ ಗೊತ್ತಾಗುತ್ತದೆ. ನನ್ನ ನೌಕರಿ ಎರಡು ಗಂಟೆಯದು. ಉಳಿದ ಆಯುಷ್ಯವೆಲ್ಲ ನಿವೃತ್ತಿ.

ನಾನು ಹುಟ್ಟಿದ್ದು ಕಾರ್ಖಾನೆಯಲ್ಲಿ. ಕೈಗವಸು ತೊಟ್ಟ ಯಾರೋ ನನ್ನ ಮುಚ್ಚಳ ಅಂಟಿಸಿ, ನನ್ನಂಥ ನೂರು ಪೆಟ್ಟಿಗೆಗಳ ಜೊತೆ ಲಾರಿಗೆ ಹಾಕಿದರು. ಬೀಳ್ಕೊಡುವಾಗ ಯಾರೂ ಅಳಲಿಲ್ಲ. ಅಳುವಂಥದ್ದೇನೂ ಇರಲಿಲ್ಲ. ಲಾರಿ ಬಂದು ನಿಂತದ್ದು ಬೆಂಗಳೂರಿನ ಹವಾಮಾನದ ಕಚೇರಿಯೊಂದರಲ್ಲಿ. ಅಲ್ಲಿ ಬಲೂನು ಹಾರಿಸುವ ಕೆಲಸ ಶಾಹಿದಾ ಎಂಬ ಹುಡುಗಿಯದು. ಅವಳ ಮೇಜಿನ ಮೇಲೆ ನನ್ನ ಸರದಿಗೆ ಕಾಯುತ್ತ ಕೂತಿದ್ದಾಗ, ಗೋಡೆಯ ನಕ್ಷೆಯ ಮುಂದೆ ಅವಳೂ ಅವಳ ಮೇಲಧಿಕಾರಿಯೂ ಆಡಿದ ಮಾತು ಕೇಳಿಸಿಕೊಂಡೆ. ಏಪ್ರಿಲ್ ತಿಂಗಳು. ಒಂದು ವಾರದಿಂದ ಬಿಸಿಲು ಕದಲಿರಲಿಲ್ಲ.

"ಸಾರ್, ಇದು ಇವತ್ತೂ ಅಲ್ಲೇ ಕೂತಿದೆ."

"ದಾರೀಲಿ ಮಲಗಿದ ಎಮ್ಮೆ ನೋಡಿದ್ದೀಯೇನಮ್ಮ? ಹಾರನ್ ಹೊಡೆದ್ರೆ ಏಳಲ್ಲ. ಅದಕ್ಕೆ ಮನಸ್ಸು ಬಂದಾಗ್ಲೇ ಏಳೋದು."

ಎಮ್ಮೆ ಎಂದದ್ದು ಗಾಳಿಯ ಒಂದು ಉಬ್ಬನ್ನು. ಉತ್ತರದ ದೇಶಗಳ ಮೇಲೆ, ವಿಮಾನ ಹಾರುವ ಎತ್ತರದಲ್ಲಿ, ಪಶ್ಚಿಮದಿಂದ ಪೂರ್ವಕ್ಕೆ ದೊಡ್ಡ ಗಾಳಿಯೊಂದು ಭೂಮಿಯನ್ನೇ ಸುತ್ತುತ್ತಿರುತ್ತದೆ. ನೇರ ಹೋಗುವುದಿಲ್ಲ, ಹಾವು ಹರಿದಂತೆ ಬಳುಕುತ್ತದೆ. ಒಂದೊಂದು ಬಳುಕಿನೊಳಗೆ ಹತ್ತಾರು ರಾಜ್ಯಗಳು ಹಿಡಿಯುತ್ತವೆ. ಬಳುಕುಗಳು ಮುಂದೆ ಸರಿಯುತ್ತಿದ್ದರೆ ಕೆಳಗಿನವರಿಗೆ ಇವತ್ತು ಬಿಸಿಲು, ನಾಳೆ ಮೋಡ. ಎಂದಾದರೊಮ್ಮೆ ಒಂದು ಬಳುಕು ವಿಪರೀತ ಉಬ್ಬಿ ದಾರಿಗೆ ಅಡ್ಡ ನಿಂತುಬಿಡುತ್ತದೆ. ಹಿಂದಿನವು ಬಂದು ಅದರ ಬೆನ್ನಿಗೆ ತಾಗಿ ನಿಲ್ಲುತ್ತವೆ. ಆಗ ಬಿಸಿಲಿದ್ದಲ್ಲಿ ಬಿಸಿಲೇ, ಮಳೆಯಿದ್ದಲ್ಲಿ ಮಳೆಯೇ. ಆ ಸಲ ಉತ್ತರದಲ್ಲಿ ಅಂಥ ಒಂದು ಉಬ್ಬು ಅಡ್ಡ ಬಿದ್ದಿತ್ತು. ಅದರಿಂದಾಗಿ ನಮ್ಮ ನೆತ್ತಿಯ ಮೇಲಿನ ಗಾಳಿಯೂ ಕೂತುಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಶಾಹಿದಾ ನನ್ನನ್ನು ಬಲೂನಿಗೆ ಕಟ್ಟಿ ಬಿಟ್ಟಳು. ಹೆಚ್ಚುಕಮ್ಮಿ ನೇರ ಮೇಲೆ ಹೋದೆ. ಮೊದಲು ಸೆಕೆ, ಆಮೇಲೆ ತಂಪು, ಆಮೇಲೆ ತಂತಿ ಸೆಟೆದುಕೊಳ್ಳುವಷ್ಟು ಚಳಿ. ಕಂಡದ್ದನ್ನೆಲ್ಲ ಅಂಕಿಯಾಗಿಸಿ ಕೆಳಗೆ ಕಳಿಸಿದೆ. ಅದೇ ಹೊತ್ತಿನಲ್ಲಿ ದೇಶದೇಶಗಳಲ್ಲಿ ನನ್ನಂಥ ನೂರಾರು ಪೆಟ್ಟಿಗೆಗಳು ಮೇಲೇರುತ್ತಿದ್ದವು. ಒಂದು ಮಾತು ಹೇಳಿಬಿಡುತ್ತೇನೆ: ಆ ಬಳುಕನ್ನು ನಾನು ನೋಡಲಿಲ್ಲ. ನಮ್ಮಲ್ಲಿ ಯಾರೂ ನೋಡುವುದಿಲ್ಲ. ಎಲ್ಲರ ಅಂಕಿಗಳನ್ನೂ ಒಂದೇ ನಕ್ಷೆಯ ಮೇಲಿಟ್ಟಾಗ ಮಾತ್ರ ಅದು ಕಾಣುತ್ತದೆ. ಒಬ್ಬೊಬ್ಬರಾಗಿ ನಮಗೆ ಗೊತ್ತಾಗುವುದು ಚಳಿ ಮಾತ್ರ.

ಬಲೂನು ಒಡೆಯಿತು. ಕೆಂಪು ಪ್ಯಾರಾಚೂಟಿನ ಕೆಳಗೆ ತೂಗಾಡುತ್ತ ಶಿಡ್ಲಘಟ್ಟದ ಕಡೆಯ ಒಂದು ಹಿಪ್ಪುನೇರಳೆ ತೋಟದಲ್ಲಿ ಬಿದ್ದೆ.

ಸೊಪ್ಪು ಕೊಯ್ಯಲು ಬಂದ ಆಂಜಿನಪ್ಪ ನನ್ನನ್ನು ಕಂಡು ಕುಡುಗೋಲಿನ ತುದಿಯಿಂದ ತಿವಿದ. ನಾನು ಸಿಡಿಯಲಿಲ್ಲ. ಮನೆಗೆ ಒಯ್ದು ಅಂಗಳದ ಹೊಂಗೆಮರಕ್ಕೆ ನನ್ನ ದಾರದಿಂದಲೇ ನೇತುಹಾಕಿದ. ಅಲ್ಲಿಂದ ಎರಡು ಮನೆಗಳ ಬಾಗಿಲು ಕಾಣುತ್ತಿತ್ತು. ಒಂದು ಆಂಜಿನಪ್ಪ ಮತ್ತು ಅವನ ಹೆಂಡತಿ ಮುನಿರತ್ನಮ್ಮನದು. ಪಾಲಾದ ಮೇಲೆ ಕಟ್ಟಿದ್ದು, ಪಕ್ಕದಲ್ಲಿ ರೇಷ್ಮೆ ಹುಳು ಸಾಕಲು ತಗಡಿನ ಶೀಟು ಹೊದಿಸಿದ ಹುಳುಮನೆ. ಇನ್ನೊಂದು ತೀರಿಹೋದ ಅಣ್ಣನ ಹೆಂಡತಿ ಬಚ್ಚಮ್ಮನದು. ದಪ್ಪ ಮಣ್ಣುಗೋಡೆಯ ತಂಪಾದ ಹಳೇ ಮನೆ. ಒಳಗಿನ ಹುಳುಮನೆ ಖಾಲಿಯಿತ್ತು. ಅವಳ ಗೂಡು ಆಗಲೇ ಮಾರುಕಟ್ಟೆಗೆ ಹೋಗಿತ್ತು.

ಓರಗಿತ್ತಿಯರ ನಡುವೆ ಮಾತಿರಲಿಲ್ಲ. ರೇಷ್ಮೆ ಹುಳು ಸಾಕುವ ಮನೆಗೆ ಕಾಲು ತೊಳೆಯದೆ ಯಾರೂ ಕಾಲಿಡಬಾರದು. ಹಿಂದಿನ ವರ್ಷ ಬಚ್ಚಮ್ಮನ ಹುಳುಗಳು ಸಪ್ಪೆ ರೋಗ ಬಂದು ಸತ್ತಾಗ, "ಇವಳು ಕಾಲು ತೊಳೀದೆ ಒಳಕ್ಕೆ ಬಂದ್ಲು" ಎಂದು ಅವಳು ಮುನಿರತ್ನಮ್ಮನನ್ನು ತೋರಿಸಿ ಊರ ಮುಂದೆ ಹೇಳಿದ್ದಳು. ಆ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದು ಮುನಿರತ್ನಮ್ಮ ಅಂದೇ ಹೇಳಿ ಬಂದಿದ್ದಳು.

ನನ್ನನ್ನು ನೋಡಿದ ಬಚ್ಚಮ್ಮ ಗಾಳಿಗೆ ಹೇಳುವಂತೆ ಹೇಳಿದಳು: "ಊರಿನ ಗಾಳಿ ನಿಂತೋಗೈತೆ. ಇವ್ರು ನೋಡಿದ್ರೆ ಆಕಾಶದಿಂದ ಶನೀನ ಇಳಿಸ್ಕೊಂಡು ಮರಕ್ಕೆ ಕಟ್ಟವ್ರೆ."

ಮುನಿರತ್ನಮ್ಮನಿಗೆ ಜಗಳಕ್ಕೆ ಪುರಸೊತ್ತಿರಲಿಲ್ಲ. ಅವಳ ಹುಳುಗಳು ನಾಲ್ಕನೇ ಜ್ವರ ದಾಟಿದ್ದವು. ಅವು ಪೊರೆ ಬಿಡುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿದರೆ ಇನ್ನು ತಿನ್ನುವುದು, ಮೈ ಮಾಗಿ ಹಣ್ಣಾಗುವುದು, ಗೂಡು ಕಟ್ಟುವುದು. ಆದರೆ ಕಾದ ಶೀಟಿನ ಕೆಳಗೆ ಹುಳುಗಳು ಸೆಕೆಗೆ ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತಿಕೊಂಡಿದ್ದವು. ಅವಳು ಗೋಣಿಚೀಲಗಳನ್ನು ನೆನೆಸಿ ಸುತ್ತ ಕಟ್ಟಿದಳು. ಒಂದು ಗಳಿಗೆಯಲ್ಲಿ ಒಣಗಿದವು. ಮತ್ತೆ ನೆನೆಸಿದಳು.

"ನಾಡಿದ್ದು ಮಳೆ ಬತ್ತದಂತೆ, ಟಿವೀಲಿ ಹೇಳಿದ್ರು," ಎಂದ ಆಂಜಿನಪ್ಪ.

"ಟಿವಿಯೋರು ಹುಳ ಸಾಕವ್ರಾ?"

ಅವನಿಗೆ ನನ್ನ ಮೈಮೇಲೆ ಕಚೇರಿಯವರು ಬರೆದಿದ್ದ ಫೋನ್ ನಂಬರು ನೆನಪಾಯಿತು. ನನ್ನ ಕೆಳಗೇ ನಿಂತು ಸ್ಪೀಕರ್ ಹಾಕಿ ಮಾತಾಡಿದ. ಎತ್ತಿಕೊಂಡದ್ದು ಶಾಹಿದಾ.

"ಮೇಡಂ, ನಿಮ್ದೊಂದು ಪೆಟ್ಟಿಗೆ ನಮ್ ತೋಟದಾಗೆ ಬಿದ್ದೈತೆ. ವಾಪಸ್ ಕೊಡ್ಬೇಕಾ?"

"ಬೇಡ ಸರ್, ಅಪಾಯ ಏನಿಲ್ಲ, ಬಿಸಾಕಿ. ಯಾವೂರು ನಿಮ್ದು?" ಊರ ಹೆಸರು ಕೇಳಿ ಅವಳು, "ಹ್ಞೂಂ, ಈ ವಾರದ್ದೆಲ್ಲ ಆ ಕಡೆಗೇ ಬೀಳ್ತಿವೆ. ಬೇರೆ ಏಪ್ರಿಲ್ ಆಗಿದ್ರೆ ನಿಮ್ಮೂರು ದಾಟಿ ಆಂಧ್ರಕ್ಕೆ ಹೋಗ್ತಿದ್ವು," ಎಂದಳು.

ಮುನಿರತ್ನಮ್ಮ ಒದ್ದೆ ಕೈಯಲ್ಲೇ ಫೋನು ಕಿತ್ತುಕೊಂಡಳು. "ಯಾಕಮ್ಮಾ ಹಂಗೆ?"

"ಮೇಲೆ ತಳ್ಳೋಕೆ ಗಾಳಿ ಇಲ್ಲಮ್ಮ. ನಿಂತುಬಿಟ್ಟಿದೆ."

"ನಾಡಿದ್ದು ಮಳೆ ಅಂತಾರಲ್ಲ? ನಮ್ ಹುಳ ಹಣ್ಣಾಗಕ್ಕೆ ಇನ್ನೂ ನಾಕೈದ್ ದಿನ ಐತೆ. ತಡ್ಕೊಳಲ್ಲ ಅವು."

ಶಾಹಿದಾ ದನಿ ತಗ್ಗಿಸಿದಳು. "ಖಂಡಿತ ಅಂತ ಯಾರೂ ಹೇಳೋಕಾಗಲ್ಲಮ್ಮ. ಆದ್ರೆ ಇಂಥದ್ದು ಕೂತ್ರೆ ಬೇಗ ಏಳಲ್ಲ. ನಾನಾಗಿದ್ರೆ ಮಳೆ ನಂಬ್ಕೊಂಡು ಕಾಯ್ತಿರಲಿಲ್ಲ."

ಮುನಿರತ್ನಮ್ಮ ಮರದ ಬುಡದಲ್ಲಿ ಕೂತಳು.

"ಅತ್ತಿಗೆ ಮನೆ ಖಾಲಿ ಐತೆ," ಎಂದ ಆಂಜಿನಪ್ಪ, ಮೆಲ್ಲಗೆ.

"ಆ ಹೊಸ್ತಿಲು ತುಳಿಯಲ್ಲ ಅಂದಿವ್ನಿ."

"ನೀನಂದೆ. ಹುಳ ಏನಾದ್ರೂ ಅಂದೈತಾ?"

ಅವಳು ಅವನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಎದ್ದು ಹೋಗಿ ಒಂದು ತಟ್ಟೆ ಹುಳು ತಲೆಯ ಮೇಲೆ ಹೊತ್ತು ತಂದಳು. ಅಂಗಳ ದಾಟಿ ಬಚ್ಚಮ್ಮನ ಹೊಸ್ತಿಲಿನ ಮುಂದೆ ನಿಂತಳು. ಕರೆಯಲಿಲ್ಲ. ಬಿಸಿಲು ತಲೆಗೆ ನೆಟ್ಟಗಿತ್ತು. ಒಳಗಿನಿಂದ ಬಚ್ಚಮ್ಮ ಬಂದು ತಟ್ಟೆ ನೋಡಿದಳು, ಹುಳು ನೋಡಿದಳು. ಅವಳಿಗೆ ಯಾರೂ ವಿವರಿಸಬೇಕಿರಲಿಲ್ಲ. ಒಂದು ಬಿಂದಿಗೆ ನೀರು ತಂದು ಹೊಸ್ತಿಲ ಹೊರಗಿಟ್ಟಳು.

"ಕಾಲು ತೊಳ್ಕೊಂಡು ಬಾ."

ಮುನಿರತ್ನಮ್ಮ ಅಲುಗಾಡಲಿಲ್ಲ. ತಟ್ಟೆ ಹೊತ್ತುಕೊಂಡು ವಾಪಸ್ ಬರುತ್ತಾಳೆ ಎಂದೇ ನಾನು ತಿಳಿದೆ.

"ಅವತ್ತೂ ತೊಳ್ದಿದ್ದೆ ಅಕ್ಕಾ."

ಬಚ್ಚಮ್ಮ ಬಿಂದಿಗೆಯನ್ನೇ ನೋಡುತ್ತಿದ್ದಳು. ಆಮೇಲೆ ಅದನ್ನು ಎತ್ತಿ, ಬಗ್ಗಿ, ಓರಗಿತ್ತಿಯ ಕಾಲಿಗೆ ತಾನೇ ನೀರು ಹೊಯ್ದಳು.

"ಬಿಸಿಲಲ್ಲಿ ನಿಂತವೆ ಹುಳ. ನಡಿ ಒಳಕ್ಕೆ."

ಸಂಜೆಯವರೆಗೂ ತಟ್ಟೆಗಳು ಅಂಗಳ ದಾಟಿದವು. ನಾಡಿದ್ದು ಮಳೆ ಬರಲಿಲ್ಲ. ಅದರ ನಾಡಿದ್ದೂ ಬರಲಿಲ್ಲ. ಶೀಟಿನ ಮನೆಯಲ್ಲೇ ಬಿಟ್ಟಿದ್ದ ಒಂದೆರಡು ತಟ್ಟೆಯ ಹುಳುಗಳು ಮೆತ್ತಗಾಗಿ ಸತ್ತವು. ಮಣ್ಣುಗೋಡೆಯ ಒಳಗಿನವು ಹಣ್ಣಾಗಿ, ಬಿದಿರು ಹೆಣೆದ ಚಂದ್ರಿಕೆಯೆಂಬ ತಟ್ಟಿ ಹತ್ತಿ ಗೂಡು ಕಟ್ಟಿದವು. ಗೂಡು ಬಿಡಿಸಿದ ಮೇಲೆ ಒಂದು ಸಂಜೆ ಗಾಳಿ ಎದ್ದು ಹೊಂಗೆಮರ ಅಲ್ಲಾಡಿತು, ಮಳೆ ಹೊಡೆಯಿತು. ಇವರಿಬ್ಬರೂ ಮಾತಾಡಿದ್ದಕ್ಕೇ ಮಳೆ ಬಂತು ಎಂದು ಊರಲ್ಲಿ ಯಾರೋ ಹೇಳಿದರು. ಅದು ಸುಳ್ಳು. ಸಾವಿರಾರು ಮೈಲಿ ಆಚೆ ಎಮ್ಮೆ ಎದ್ದಿತ್ತು, ಅಷ್ಟೇ. ಮೇಲಿನ ಗಾಳಿಗೆ ನಮ್ಮ ಸುದ್ದಿ ಮುಟ್ಟುವುದಿಲ್ಲ.

ನನ್ನದೂ ದೊಡ್ಡ ಸಾಧನೆಯೇನಲ್ಲ. ನಾನು ಮೇಲಿನಿಂದ ಕಳಿಸಿದ ಅಂಕಿ ಈ ಅಂಗಳಕ್ಕೆ ಬರಲಿಲ್ಲ. ನಾನು ಉಪಯೋಗಕ್ಕೆ ಬಂದದ್ದು ಆಂಧ್ರಕ್ಕೆ ಹೋಗದೆ ಹತ್ತಿರದಲ್ಲಿ ಬಿದ್ದದ್ದರಿಂದ. ಬಿದ್ದದ್ದು ನನ್ನ ಜಾಣತನವಲ್ಲ.

ಓರಗಿತ್ತಿಯರು ಈಗಲೂ ಹೆಚ್ಚು ಮಾತಾಡುವುದಿಲ್ಲ. ಬೇಸಿಗೆಯ ಹುಳು ಮಾತ್ರ ಮಣ್ಣುಮನೆಯಲ್ಲೇ ಸಾಕುತ್ತಾರೆ. ಮಳೆಯಲ್ಲಿ ನೆನೆದ ನನ್ನನ್ನು ಬಚ್ಚಮ್ಮ ಮರದಿಂದ ಬಿಚ್ಚಿ, ತಂತಿ ಮುರಿದೆಸೆದು, ಮಧ್ಯಾಹ್ನದ ಬಿಸಿಲು ನುಗ್ಗುವ ತನ್ನ ಹುಳುಮನೆಯ ಗೋಡೆಯ ಕಂಡಿಗೆ ತುರುಕಿದಳು. ಈಗ ನನಗೆ ಅಳೆಯಲು ಬರುವುದಿಲ್ಲ. ಬೆನ್ನು ಸುಡುತ್ತದೆ, ಹೊಟ್ಟೆ ತಣ್ಣಗಿದೆ. ಒಳಗೆ ಹುಳುಗಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯಂತೆ ಕೇಳುತ್ತದೆ. ಬಿಸಿಲಿಗೆ ನಾನು ಅಡ್ಡ ಕೂತಿದ್ದೇನೆ.