ತಡವಾಗಿ ಬೀಳುವ ಹೆಜ್ಜೆ

ತಂತಿ ಬಂದ ದಿನ ಕುಟ್ಟಪ್ಪನವರು ಗೋಡೆಯ ಮೇಲಿದ್ದ ಕೋವಿಯನ್ನು ಇಳಿಸಿದರು. ಮನೆಯಲ್ಲಿ ಸಾವಾದರೆ ಅಂಗಳದಲ್ಲಿ ನಿಂತು ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಮೂರ್ನಾಡಿನ ಕಡೆಯ ಪದ್ಧತಿ. ಉತ್ತರದ ಗಡಿಯಲ್ಲಿ ಗುಡ್ಡ ಕುಸಿದು ಮಿಲಿಟರಿ ಲಾರಿ ಕಮರಿಗೆ ಉರುಳಿತೆಂದೂ, ಮಗ ನಾಣಯ್ಯ ತೀರಿಕೊಂಡನೆಂದೂ, ಅಲ್ಲಿಯೇ ದಹನವಾಯಿತೆಂದೂ ತಂತಿ ಹೇಳಿತ್ತು. ಕುಟ್ಟಪ್ಪನವರು ತೋಟಾ ತುಂಬುವಷ್ಟರಲ್ಲಿ ಹೆಂಡತಿ ಪೊನ್ನಮ್ಮ ಒಳಗಿನಿಂದ ಬಂದು ನಳಿಗೆಯ ಮೇಲೆ ಕೈಯಿಟ್ಟರು.

“ಹೈದನ ಮುಖ ನಾ ನೋಡಿಲ್ಲೆ. ನೋಡದೆ ಗುಂಡು ಬೇಡ.”

ಕುಟ್ಟಪ್ಪನವರು ತೋಟಾಗಳನ್ನು ಜೇಬಿಗೆ ಹಾಕಿಕೊಂಡರು. ಕೋವಿ ಗೋಡೆಗೆ ಹೋಯಿತು. ಆದರೂ ಸುದ್ದಿ ಮೂರ್ನಾಡಿನ ಅಂಗಡಿ ಸಾಲಿಗೆಲ್ಲ ಹಬ್ಬಿ, ಜನ ಬಂದು ಜಗಲಿಯಲ್ಲಿ ಕುಳಿತು ಎದ್ದು ಹೋದರು. ಪೊನ್ನಮ್ಮ ಮಾತ್ರ ಅಳಲಿಲ್ಲ. ದಿನವೂ ಮಗನ ತಟ್ಟೆಯನ್ನು ತೊಳೆದು ಉಳಿದ ತಟ್ಟೆಗಳ ಜೊತೆ ಇಟ್ಟರು.

ತಿಥಿ ಹತ್ತಿರವಾದಂತೆ ಕುಟ್ಟಪ್ಪನವರ ಚಿಂತೆ ಹೆಚ್ಚಿತು. ತೀರಿಕೊಂಡವರಿಗೆ ಇಷ್ಟವಾದದ್ದನ್ನೆಲ್ಲ ಒಳಕೋಣೆಯಲ್ಲಿ ಎಲೆಗೆ ಬಡಿಸಿ, ಬಾಗಿಲು ಮುಚ್ಚಿ, ಅವರು ಬಂದು ಉಣ್ಣಲೆಂದು ಹೊರಗೆ ಕಾಯುವುದು ಹಿರಿಯರಿಂದ ನಡೆದುಬಂದದ್ದು. ತಾಯಿ ಬದುಕಿದ್ದರೆ ಮೊದಲ ತುತ್ತು ತಾಯಿಯ ಕೈಯಿಂದಲೇ ಬೀಳಬೇಕು. ಇವಳು ಕೈ ಹಾಕಲೊಲ್ಲಳು. ಎಲೆ ಬೀಳದಿದ್ದರೆ ಮಗನ ಜೀವ ಆ ಹಿಮದ ಬೆಟ್ಟದಲ್ಲಿ ದಾರಿ ತಿಳಿಯದೆ ಅಲೆಯುತ್ತದಲ್ಲ ಎಂದು ಅವರು ದೇವರ ಮುಂದೆ ಕುಳಿತಾಗಲೆಲ್ಲ ಕೊರಗಿದರು.

ತಿಥಿಯ ದಿನ ಬೆಳಿಗ್ಗೆ ನಾಣಯ್ಯನ ಕರಿ ಟ್ರಂಕು ಬಸ್ಸಿನಲ್ಲಿ ಬಂತು. ಹೊತ್ತು ತಂದವನು ಕುಟ್ಟಪ್ಪನವರ ಅಕ್ಕನ ಮಗ ಧರ್ಮಪಾಲ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಅವನೂ ನಾಣಯ್ಯನೂ ಒಟ್ಟಿಗೆ ಬೆಳೆದವರು. ಟ್ರಂಕಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆ, ಕ್ಷೌರದ ಸಾಮಾನು, ಕಾವೇರಮ್ಮನ ಒಂದು ಪಟ. ತಳದಲ್ಲಿ, ಉಣ್ಣೆಯ ಮಫ್ಲರಿನಲ್ಲಿ ಸುತ್ತಿದ ಒಂದು ಗ್ರಾಮಫೋನ್ ಪ್ಲೇಟು.

ಆ ಪ್ಲೇಟನ್ನು ಊರೆಲ್ಲ ಬಲ್ಲದು. ನಾಣಯ್ಯ ಶಾಂತಿಪಡೆಯ ಜೊತೆ ಆಫ್ರಿಕದ ಕಾಂಗೋ ದೇಶಕ್ಕೆ ಹೋಗಿದ್ದಾಗ ಅಲ್ಲಿಯ ಪೇಟೆಯಲ್ಲಿ ಕೊಂಡದ್ದು. ಹಾಡಿದವರು ಇನ್ನೂ ದೂರದ, ಕ್ಯೂಬಾ ಎಂಬ ದ್ವೀಪದವರಂತೆ. ಭಾಷೆ ಸ್ಪ್ಯಾನಿಷ್ ಅಂತೆ. ರಜೆಯಲ್ಲಿ ಬಂದಾಗ ಧರ್ಮಪಾಲನ ಬ್ಯಾಟರಿ ಗ್ರಾಮಫೋನಿನಲ್ಲಿ ಹಾಕುತ್ತಿದ್ದರು. ಒಂದು ಮಗ್ಗುಲಲ್ಲಿ ಗಡಿಬಿಡಿಯ ಕುಣಿತದ ಹಾಡು. ಅದು ಎಲ್ಲರಿಗೂ ಇಷ್ಟ. ಇನ್ನೊಂದು ಮಗ್ಗುಲು ಬರಿಯ ಚರ್ಮವಾದ್ಯದಿಂದ ಸುರುವಾಗಿ ಬಹಳ ಹೊತ್ತು ಹಾಡೇ ಬರುವುದಿಲ್ಲವೆಂದು ಯಾರಾದರೂ ಎದ್ದು ಮುಳ್ಳು ಎತ್ತಿಬಿಡುತ್ತಿದ್ದರು.

ಕಾಂಗೋದಿಂದ ನಾಣಯ್ಯ ಇನ್ನೊಂದನ್ನೂ ತಂದಿದ್ದ. ಮದುವೆಯ ಮನೆಯಲ್ಲಿ ವಾಲಗಕ್ಕೆ ಎಲ್ಲರೂ ಕುಣಿಯುವಾಗ ಅವನ ಕಾಲು ಒಂದಿಷ್ಟು ತಡವಾಗಿ ನೆಲಕ್ಕೆ ಬೀಳುತ್ತಿತ್ತು. ಕುಟ್ಟಪ್ಪನವರು ನಡೆಸುವ ಭಜನೆಯಲ್ಲಿ ಅವನ ತಾಳವೂ ಹಾಗೆಯೇ. ನಮ್ಮ ಕಾಲೆಲ್ಲ ಮೊದಲನೇ ಬಸ್ಸಿಗೆ ಬಂದರೆ ನಾಣಯ್ಯನ ಕಾಲು ಎರಡನೇ ಬಸ್ಸಿಗೆ ಬರುತ್ತದೆ ಎಂದು ಧರ್ಮಪಾಲ ಹಾಸ್ಯ ಮಾಡಿದರೆ, ಅವನು ಕುಣಿಯುತ್ತಲೇ ಹೇಳುತ್ತಿದ್ದ: “ಎರಡನೇ ಬಸ್ಸಿಲಿ ಸೀಟ್ ಸಿಕ್ಕುದು ಮಾರಾಯ.”

ಕುಟ್ಟಪ್ಪನವರು ಪ್ಲೇಟನ್ನು ಬೆಳಕಿಗೆ ಹಿಡಿದರು. ಊರು ಮೆಚ್ಚಿದ ಮಗ್ಗುಲು ಇನ್ನೂ ಮಿರಮಿರ ಮಿಂಚುತ್ತಿತ್ತು. ಯಾರೂ ಕೇಳದ ಮಗ್ಗುಲು ಮುಳ್ಳು ಓಡಿ ಓಡಿ ಬೂದಿಯ ಬಣ್ಣಕ್ಕೆ ತಿರುಗಿತ್ತು.

“ಇದನ್ನೇ ಕೇಳ್ತಿದ್ದ ಅಂತ ಕಾಣ್ತದೆ ಮಾವ. ಇಲ್ಲಿ ನಾವು ಬಿಡ್ಲಿಲ್ಲ, ಅಲ್ಲಿ ಕೇಳಿದ್ದಾನೆ,” ಎಂದ ಧರ್ಮಪಾಲ.

ಸೂತಕದ ಮನೆಯಲ್ಲಿ ಹಾಡು ಕೂಡದು. ಕುಟ್ಟಪ್ಪನವರು ತಮ್ಮ ತಾಳವನ್ನೇ ಮುಟ್ಟಿರಲಿಲ್ಲ. ಆದರೆ ಮಗ ಇಷ್ಟು ಸಲ ಕೇಳಿದ್ದು ಏನೆಂದು ತಿಳಿಯದೆ ಅವನ ಎಲೆಯ ಮುಂದೆ ಕುಳಿತುಕೊಳ್ಳುವುದಾದರೂ ಹೇಗೆ? ದೇವರಲ್ಲಿ ಮನಸ್ಸಿನಲ್ಲೇ ಕ್ಷಮೆ ಬೇಡಿ, ಗ್ರಾಮಫೋನು ತರಲು ಹೇಳಿದರು.

ಜಗಲಿಯಲ್ಲಿ ಮುಳ್ಳು ಇಳಿಯಿತು. ಮೊದಲು ಚರ್ಮವಾದ್ಯ, ಅವಸರವಿಲ್ಲದೆ. ಆಮೇಲೆ ತೆಂಗಿನಕಾಯಿ ತುರಿದಂತೆ ಗರಗರ ಎನ್ನುವ ಏನೋ ಒಂದು ಸೇರಿತು. ಕೆಳಗಿನಿಂದ ದಪ್ಪ ದನಿಯ ಒಂದು ತಂತಿವಾದ್ಯ ನಿಧಾನವಾಗಿ ಮಾತನಾಡತೊಡಗಿತು. ಕುಟ್ಟಪ್ಪನವರ ಬೆರಳು ತಾನಾಗಿ ತೊಡೆಯ ಮೇಲೆ ತಾಳ ಹಿಡಿಯಿತು. ಅವರ ಪೆಟ್ಟು ಬಿದ್ದ ಕಡೆಯೆಲ್ಲ ಹಾಡು ಸುಮ್ಮನಿರುತ್ತಿತ್ತು; ಬೆರಳು ಎತ್ತಿದ ಮೇಲೆ ಆ ವಾದ್ಯದ ನಾದ ಬಂದು ಕೂರುತ್ತಿತ್ತು. ತಪ್ಪಿತೇನೋ ಎಂದು ಮತ್ತೆ ಹಿಡಿದರು. ತಪ್ಪಿರಲಿಲ್ಲ. ಹೀಗೆ ಬಿಟ್ಟು ಬಿಟ್ಟು ಬಂದರೂ ಹಾಡು ಎಲ್ಲಿಯೂ ತುಂಡಾಗದೆ, ತುಂಬಿದ ಹೊಳೆಯಂತೆ ಸಾಗುತ್ತಿತ್ತು. ಕೊಂಬಿನಂಥ ವಾದ್ಯಗಳು ಒಮ್ಮೆಲೇ ಎದ್ದವು. ಆಗ ಒಬ್ಬ ಮುದುಕನ ಒರಟು ದನಿ ಒಂದು ಸಾಲು ಹೇಳಿತು; ಹತ್ತಾರು ಜನ ಅದನ್ನೇ ತಿರುಗಿ ಹೇಳಿದರು. ಮತ್ತೆ ಅವನು, ಮತ್ತೆ ಅವರು. ಶನಿವಾರದ ಭಜನೆಯಲ್ಲಿ ತಾವು ಹೇಳಿಕೊಟ್ಟಂತೆಯೇ! ಮಾತು ಒಂದೂ ತಿಳಿಯಲಿಲ್ಲ. ಇಷ್ಟು ಕಾಯಿಸಿ, ಇಷ್ಟು ಹದವಾಗಿ ಜನರನ್ನು ಸೇರಿಸಿಕೊಂಡ ಹಾಡನ್ನು ಅವರು ಹಿಂದೆ ಕೇಳಿರಲಿಲ್ಲ. ಎಲ್ಲಿಯದೋ ದ್ವೀಪದ ಆ ಹಾಡುಗಾರನಿಗೆ ಮನಸ್ಸಿನಲ್ಲೇ ಕೈ ಮುಗಿದರು.

ತಲೆಯೆತ್ತಿದರೆ ಬಾಗಿಲಲ್ಲಿ ಪೊನ್ನಮ್ಮ ನಿಂತಿದ್ದರು, ಕೈಯಲ್ಲಿ ಸೌಟು. ಅವರ ದೃಷ್ಟಿ ಗ್ರಾಮಫೋನಿನ ಮೇಲಿರಲಿಲ್ಲ. ಜಗಲಿಯ ನೆಲದ ಮೇಲೆ, ಯಾರೋ ಕುಣಿಯುತ್ತಿರುವುದನ್ನು ನೋಡುವಂತೆ, ಆಚೆಯಿಂದೀಚೆಗೆ ಹೋಗಿ ಬರುತ್ತಿತ್ತು.

“ಇದ್ ಅವನ ಕಾಲು,” ಎಂದರು.

ಧರ್ಮಪಾಲನ ಕಡೆ ತಿರುಗಿದರು.

“ಎಲ್ಲರೂ ತಪ್ಪು ತಪ್ಪು ಅಂತಿದ್ರಿ. ಹೈದ ಇದಕ್ಕೆ ಕುಣೀತಿದ್ದ. ತಪ್ಪಿತ್ತಿಲ್ಲೆ.”

ಹಾಡು ಮುಗಿದು ಮುಳ್ಳು ಕೆರೆಯತೊಡಗಿದಾಗ, ಪೊನ್ನಮ್ಮ ಇನ್ನೊಮ್ಮೆ ಹಾಕೆಂದು ಅವನಿಗೆ ಸನ್ನೆ ಮಾಡಿದರು. ಎರಡನೆಯ ಸಲ ಆ ಮುದುಕನ ದನಿ ಏಳುವ ಹೊತ್ತಿಗೆ ಬಾಗಿಲಿನ ಪಟ್ಟಿಗೆ ಒರಗಿ, ತಂತಿ ಬಂದ ದಿನದಿಂದ ತಡೆದಿಟ್ಟ ಅಳುವನ್ನೆಲ್ಲ ಅತ್ತರು. ಕುಟ್ಟಪ್ಪನವರು ಎದ್ದು ಹೋಗಿ ಪಕ್ಕದಲ್ಲಿ ನಿಂತರು.

ಸೆರಗಿನಿಂದ ಮುಖ ಒರೆಸಿಕೊಂಡು ಪೊನ್ನಮ್ಮ ಹೇಳಿದರು: “ಮನೆಗೆ ಬಂದ ಅಲ್ವಾ. ಎಲೆ ಹಾಕಿ. ಹಸಿವಾಗಿರ್ತದೆ.”

ಅಕ್ಕಿ ರೊಟ್ಟಿ, ಏಡಿ ಸಾರು, ಬೆಲ್ಲದ ಕಾಫಿ. ಮೊದಲ ತುತ್ತನ್ನು ಅವರೇ ಬಡಿಸಿದರು. ಬಾಗಿಲು ಮುಚ್ಚಿತು. ಕುಟ್ಟಪ್ಪನವರು ಕೋವಿ ತೆಗೆದುಕೊಂಡು ಅಂಗಳಕ್ಕಿಳಿದರು. ಈ ಸಲ ತಡೆಯುವ ಕೈ ಬರಲಿಲ್ಲ. ಮೊದಲ ಗುಂಡು ಹಾರಿತು. ಎರಡನೆಯದಕ್ಕೆ ಮುಂಚೆ ಅವರು ಒಂದಿಷ್ಟು ತಡೆದರು, ಆಮೇಲೆ ಹಾರಿಸಿದರು. ಮುದುಕರ ಕೈ ನಡುಗಿರಬೇಕೆಂದು ನೆರೆಹೊರೆಯವರು ಅಂದುಕೊಂಡರು. ಧರ್ಮಪಾಲ ಮುಖ ಆಚೆ ತಿರುಗಿಸಿಕೊಂಡ.

ಗಂಡ ಹೆಂಡತಿ ಮುಚ್ಚಿದ ಬಾಗಿಲ ಮುಂದೆ ಕೈ ಮುಗಿದು ಕುಳಿತರು. ಕುಟ್ಟಪ್ಪನವರ ತುಟಿ ಅಲ್ಲಾಡುತ್ತಿತ್ತು:

“ಅಮ್ಮಾ ಕಾವೇರಿ, ನಮ್ಮ ಹೈದ ಬಂದಿದ್ದಾನೆ. ಅವನ ಹೊಟ್ಟೆ ತುಂಬಲಿ. ಇನ್ನು ಆ ಚಳಿಯ ದಾರಿಯಲ್ಲಿ ಅವನು ಅಲೆಯದಿರಲಿ. ನಿಧಾನವಾಗಿ ಬರುವವನು, ತಾಯೀ. ನಿನ್ನ ಮಡಿಲಲ್ಲಿ ಅವನಿಗೊಂದು ಜಾಗ ಇಟ್ಟಿರು. ಅವನ ಜೀವಕ್ಕೆ ಶಾಂತಿ ಕೊಡು.”