ಅರ್ಧ ಕ್ಯಾನು

ಮೂವತ್ತು ವರ್ಷ ಊರಿನ ಪೈಪುಗಳ ಜೊತೆಗೇ ಸಂಸಾರ ಮಾಡಿದ ಪ್ಲಂಬರನಿಗೆ ನೀರಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳುವಂತಿರಲಿಲ್ಲ. ಡಾಕ್ಟರಮ್ಮ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸುವಾಗಲೂ ಅವನು ಹೆಂಡತಿಗಿಂತ ಮುಂದೆ ಬಾಗಿ ಕೂತಿದ್ದ. ಬೆನ್ನಿನ ಎರಡು ಕಡೆ ಮುಷ್ಟಿಯಷ್ಟು ದೊಡ್ಡ ಎರಡು ಮೂತ್ರಪಿಂಡ, ಅವುಗಳಿಂದ ಇಳಿದ ಎರಡು ಸಣ್ಣ ನಾಳ, ಕೆಳಗೊಂದು ಚೀಲ.

“ಈ ನಾಳ ಚೀಲಕ್ಕೆ ಓರೆಯಾಗಿ ಯಾಕೆ ಸೇರುತ್ತೆ?”

“ಚೀಲ ತುಂಬಿದಾಗ ಆ ಒತ್ತಡಕ್ಕೇ ನಾಳದ ಬಾಯಿ ಮುಚ್ಕೊಳ್ಳುತ್ತೆ. ಮೂತ್ರ ಮೇಲಕ್ಕೆ ವಾಪಸ್ ಹೋಗಲ್ಲ.”

“ಹಾಗಾದ್ರೆ ವಾಲ್ವು ಅನ್ನಿ,” ಎಂದು ಹೆಂಡತಿಯ ಕಡೆ ನೋಡಿದ, ತಾನೇ ಅದನ್ನು ಕೂರಿಸಿ ಬಂದವನ ಹಾಗೆ.

ಆ ಹೆಮ್ಮೆ ಆಸ್ಪತ್ರೆಯ ಗೇಟಿನ ತನಕವೂ ಉಳಿಯಲಿಲ್ಲ. ಹೆಂಡತಿ ತನ್ನ ಒಂದು ಮೂತ್ರಪಿಂಡವನ್ನು ತಮ್ಮನಿಗೆ ಕೊಡಲು ಹೊರಟಿದ್ದಳು. ತಾಯಿಯಿಲ್ಲದ ಆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ಈಗ ಅವನು ವಾರಕ್ಕೆ ಮೂರು ದಿನ ಡಯಾಲಿಸಿಸ್ ಯಂತ್ರದ ಪಕ್ಕ ಮಲಗುತ್ತಿದ್ದ. ಬೇಡ ಅನ್ನಲು ಪ್ಲಂಬರನಿಗೆ ಬಾಯಿ ಬರಲಿಲ್ಲ. ಆದರೆ ಎರಡು ಪಂಪಿನ ಕಟ್ಟಡದಲ್ಲಿ ಒಂದನ್ನು ಬಿಚ್ಚಿದರೆ ಉಳಿದದ್ದರ ಗತಿ ಏನೆಂದು ಅವನಿಗೆ ಗೊತ್ತಿತ್ತು. ಸುಟ್ಟುಹೋದ ಒಂಟಿ ಪಂಪುಗಳನ್ನು ಎಷ್ಟು ಸಲ ಕೈಯಾರೆ ಇಳಿಸಿದ್ದನೋ! ಅವಳಿಲ್ಲದ ಮನೆಯನ್ನು ನೆನೆಯುವ ಧೈರ್ಯವೂ ಅವನಿಗಿರಲಿಲ್ಲ.

ಪರೀಕ್ಷೆಗೆಂದು ಒಂದು ಕ್ಯಾನು ಕೊಟ್ಟಿದ್ದರು. ಬೆಳಗ್ಗೆ ಏಳಕ್ಕೆ ಮೊದಲ ಸಲದ ಮೂತ್ರವನ್ನು ಬಿಟ್ಟು, ಮರುದಿನ ಏಳರವರೆಗಿನದೆಲ್ಲ ಅದಕ್ಕೇ ಹಾಕಬೇಕು. ಅವಳು ಇಡೀ ದಿನ ಬೀದಿಗೂ ಇಳಿಯದೆ ಶ್ರದ್ಧೆಯಿಂದ ತುಂಬಿಸಿದಳು. ಮರುದಿನ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ಈ ಮಹಾಶಯ ಬಚ್ಚಲಿಗೆ ಹೋಗಿ ಅರ್ಧ ಸುರಿದುಬಿಟ್ಟ. ಪಂಪು ಎಷ್ಟು ನೀರು ಎತ್ತುತ್ತದೆ ಎಂದು ನೋಡಿಯೇ ಅದರ ಯೋಗ್ಯತೆ ಅಳೆದವನು ಅವನು. ಕಡಿಮೆ ಕಂಡರೆ ‘ಇದು ಸಾಲದು, ನಿಮ್ಮದು ಬೇಡ’ ಎಂದು ಕಳಿಸುತ್ತಾರೆ, ಅಷ್ಟೇ ತಾನೇ? ಕ್ಯಾನನ್ನು ಬಟ್ಟೆಯ ಚೀಲದೊಳಗಿಟ್ಟು ತಾನೇ ಹೊತ್ತುಕೊಂಡು ಹೋದ.

ಎರಡು ದಿನ ಬಿಟ್ಟು ವರದಿ ನೋಡಿದ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು.

“ರಕ್ತ ಸರಿಯಾಗಿದೆ, ಸ್ಕ್ಯಾನೂ ಸರಿಯಾಗಿದೆ. ಆದ್ರೆ ಇದರ ಪ್ರಕಾರ ನಿಮ್ಮ ಮೂತ್ರಪಿಂಡಗಳು ಅರ್ಧ ಕೆಲಸ ಮಾತ್ರ ಮಾಡ್ತಿವೆ. ಯಾವಾಗಾದ್ರೂ ಕ್ಯಾನಿಗೆ ಹಾಕೋದು ಮರೆತ್ರಾ?”

“ಒಂದು ತೊಟ್ಟೂ ಬಿಟ್ಟಿಲ್ಲ ಡಾಕ್ಟ್ರೇ,” ಎಂದಳು ಹೆಂಡತಿ.

ಹೊರಗೆ ಬೆಂಚಿನ ಮೇಲೆ ಕೂತವಳು ಎರಡೂ ಅಂಗೈಗಳನ್ನು ಬೆನ್ನಿನ ಹಿಂದೆ ಒತ್ತಿ ಹಿಡಿದಳು. “ರೀ, ನನ್ನವೂ ಕೆಟ್ಟಿವೆ. ತಮ್ಮನಿಗೆ ಏನಂತ ಹೇಳಲಿ?” ಎಂದು ಬಿಕ್ಕಿದಳು. ಪ್ಲಂಬರ ಅವಳನ್ನು ಉಳಿಸಿಕೊಳ್ಳಲು ಹೋಗಿ ಅವಳನ್ನೇ ರೋಗಿ ಮಾಡಿ ಕೂರಿಸಿದ್ದ.

“ನಿನ್ನವು ಗಟ್ಟಿಯಾಗಿವೆ ಕಣೇ. ಕೆಟ್ಟಿದ್ದು ನನ್ನ ಬುದ್ಧಿ. ಅರ್ಧ ನಾನೇ ಚೆಲ್ಲಿದೆ.”

ಅವಳು ಕಣ್ಣೊರೆಸಿಕೊಳ್ಳುವುದನ್ನೂ ಮರೆತು ಅವನನ್ನು ದುರುಗುಟ್ಟಿ ನೋಡಿದಳು. “ಊರಿನವರ ಮನೆ ಸೋರೋದನ್ನೆಲ್ಲ ನಿಲ್ಲಿಸಿ, ನನ್ನ ಕ್ಯಾನು ಖಾಲಿ ಮಾಡಿದ್ರಾ?” ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, “ಯಾಕ್ರೀ?”

“ನೀನು ಒಂದರಲ್ಲೇ ಬದುಕಬೇಕಲ್ಲ. ನನಗೆ ಭಯ.”

ಅವಳು ಅವನ ಕೈ ಹಿಡಿದು ದರದರ ಎಳೆದುಕೊಂಡೇ ಮತ್ತೆ ಒಳಗೆ ಹೋದಳು.

ಡಾಕ್ಟರಮ್ಮ ಮೊದಲು ಅವನಿಗೆ ಚೆನ್ನಾಗಿ ಮಂಗಳಾರತಿ ಮಾಡಿದರು. “ನಾವು ಅಳೆಯೋದು ಬರೀ ನೀರನ್ನಲ್ಲ, ಅದರ ಜೊತೆ ಎಷ್ಟು ಕಸ ಹೊರಗೆ ಬಂತು ಅನ್ನೋದನ್ನ. ಇವೆರಡೂ ಸೇರಿ ದಿನಕ್ಕೆ ನೂರೆಂಬತ್ತು ಲೀಟರ್ ಸೋಸಿ, ಬೇಕಾದ್ದನ್ನೆಲ್ಲ ರಕ್ತಕ್ಕೇ ವಾಪಸ್ ಕೊಡ್ತವೆ. ಹೊರಗೆ ಬರೋದು ಒಂದೂವರೆ, ಎರಡು ಲೀಟರು ಅಷ್ಟೇ.” ಆಮೇಲೆ ಅವನ ಮುಖ ನೋಡಿ ದನಿ ತಗ್ಗಿಸಿದರು. “ಒಂದನ್ನ ತೆಗೆದ್ರೆ ಉಳಿದದ್ದು ಸುಮ್ನೆ ಕೂರಲ್ಲ. ಕೆಲವೇ ವಾರದಲ್ಲಿ ತಾನೇ ದೊಡ್ಡದಾಗಿ, ಹೋದದ್ದರ ಕೆಲಸವನ್ನೂ ಸಾಕಷ್ಟು ಎತ್ಕೊಳ್ಳುತ್ತೆ. ಅಪಾಯವೇ ಇಲ್ಲ ಅಂತ ಹೇಳಲ್ಲ. ವರ್ಷಾ ವರ್ಷಾ ತೋರಿಸ್ಕೊಂಡು ಹೋಗ್ಬೇಕು.”

“ಬೆಳೆಯುತ್ತಾ?” ಎಂದು ಪ್ಲಂಬರ ಬಾಯಿ ಬಿಟ್ಟ. ಜೊತೆಯದು ಹೋಯಿತೆಂದು ತಾನು ದೊಡ್ಡದಾದ ಪಂಪನ್ನು ಅವನು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಹೊಸ ಕ್ಯಾನು ಮನೆಗೆ ಬಂದ ದಿನ ಅವನು ಕೆಲಸಕ್ಕೆ ಹೋಗಲಿಲ್ಲ. ಬಚ್ಚಲಿನ ಬಾಗಿಲಲ್ಲೇ ಕಾವಲು ನಿಂತ.

“ನೀವು ಹೀಗೆ ನಿಂತ್ರೆ ಬರೋದೂ ಬರಲ್ಲ, ಆಚೆ ಹೋಗ್ರೀ!” ಎಂದು ಅವಳು ಒಳಗಿಂದಲೇ ನಕ್ಕಳು. ಆ ನಗು ಕೇಳಿ ಅವನಿಗೆ ಹೋದ ಜೀವ ಬಂದಂತಾಯಿತು.

ಮರುದಿನ ಬೆಳಗ್ಗೆ ಅವಳೇ ಕ್ಯಾನನ್ನು ತಂದು ಅವನ ಕೈಗಿಟ್ಟಳು. ಬಸ್ಸಿನಲ್ಲಿ ಅವನು ಅದನ್ನು ತೊಡೆಯ ಮೇಲಿಟ್ಟು, ಎರಡೂ ಕೈಯಲ್ಲಿ ತಬ್ಬಿ ಕೂತಿದ್ದ. ಅವಳು ಅವನ ಭುಜಕ್ಕೆ ಒರಗಿದಳು.

“ಹೆದರಿಕೆ ಹೋಯ್ತಾ?”

“ಇಲ್ಲ,” ಎಂದ. “ಆದ್ರೆ ಮುಚ್ಚಳ ಗಟ್ಟಿಯಾಗಿ ಹಾಕಿದೀನಿ.”